ಮುಪ್ಪಿನ ಪೋಷಣೆ ಯಾರ ಹೊಣೆ? ಒಂದು ಚಾರಿತ್ರಿಕ ಅವಲೋಕನ

ತಂದೆತಾಯಿಗಳನ್ನು ಅವರ ಮುಪ್ಪಿನಲ್ಲಿ ಸಾಕಿ ಸಲಹಬೇಕೆಂಬ ವಿಷಯದಲ್ಲಿ ಯಾವ ಮನೆಯಲ್ಲಿಯೂ ಭಿನ್ನಾಭಿಪ್ರಾಯವಿರುವುದಿಲ್ಲ. ‘ಯಾರು’ ಮತ್ತು ‘ಎಷ್ಟು’ ಎಂಬ ಎರಡು ಮಾತುಗಳು ಎದ್ದಾಗ ಮಾತ್ರ ಮನಸ್ಸುಗಳು ಒಡೆಯುತ್ತವೆ. ತಾಯಿ ಹಾಸಿಗೆ ಹಿಡಿದು ಆರು ತಿಂಗಳಾದ ಮೇಲೆ ಮಕ್ಕಳು ಒಂದೆಡೆ ಕುಳಿತರೆಂದು ಭಾವಿಸೋಣ. “ತಮ್ಮನ ಓದಿಗೆ ಮನೆಯ ಹಣವೆಲ್ಲ ಹೋಯಿತು, ಇಂದು ಸಂಬಳ ಎಣಿಸುವವನು ಅವನೇ, ಖರ್ಚನ್ನೂ ಅವನೇ ಕೊಡಲಿ” ಎಂದು ಊರಿನಲ್ಲಿ ನಿಂತ ಹಿರಿಯ ಮಗ ಹೇಳುತ್ತಾನೆ. “ಗದ್ದೆ ತೋಟ ಅಣ್ಣನ ಕೈಯಲ್ಲಿದೆ, ಫಲವನ್ನು ಉಣ್ಣುವವನು ತಾಯಿಯನ್ನೂ ನೋಡಿಕೊಳ್ಳಲಿ” ಎಂಬುದು ಪಟ್ಟಣದ ಕಿರಿಯ ಮಗನ ಉತ್ತರ. “ಪಾಲು ಹಂಚುವಾಗ ನೆನಪಿಗೆ ಬಾರದ ನಾನು ಖರ್ಚು ಹಂಚುವಾಗ ಹೇಗೆ ನೆನಪಾದೆ?” ಎಂದು ಮಗಳು ಕೇಳುತ್ತಾಳೆ. ರಾತ್ರಿ ಮೂರು ಬಾರಿ ಎದ್ದು ಅತ್ತೆಯ ಮಗ್ಗುಲು ಬದಲಿಸುವ ಸೊಸೆ ಏನನ್ನೂ ಹೇಳುವುದಿಲ್ಲ. ಅವಳನ್ನು ಯಾರೂ ಕೇಳಿರುವುದಿಲ್ಲ. ಒಳಕೋಣೆಯಲ್ಲಿ ಮಲಗಿರುವ ತಾಯಿಗೆ ಎಲ್ಲವೂ ಕೇಳಿಸುತ್ತಿರುತ್ತದೆ.

ಈ ಮಾತುಕತೆ ಇಂದಿನ ಕಾಲದ ಕೇಡೆಂದು, ಹಿಂದಿನ ಕಾಲದಲ್ಲಿ ಇಂಥದಿರಲಿಲ್ಲವೆಂದು ಹೇಳುವುದು ವಾಡಿಕೆ. ಆದರೆ ಇತಿಹಾಸವನ್ನು ಪರಿಶೀಲಿಸಿದಾಗ ಈ ವಿವಾದ ಬಹು ಪ್ರಾಚೀನವಾದುದೆಂಬುದು ಸ್ಪಷ್ಟವಾಗುತ್ತದೆ. ಅಣ್ಣ ಆಡಿದ ಮಾತಿನಲ್ಲಿಯೂ ತಮ್ಮ ಆಡಿದ ಮಾತಿನಲ್ಲಿಯೂ ಎರಡು ಹಳೆಯ ಮಾನದಂಡಗಳು ಅಡಗಿವೆ. ಒಂದು, ಹುಟ್ಟಿನಿಂದ ಬಂದ ಋಣ: ಆಸ್ತಿ ಇರಲಿ ಇಲ್ಲದಿರಲಿ, ಮಗನಾಗಿ ಹುಟ್ಟಿದವನು ಗಳಿಸಿ ಸಾಕಬೇಕು. ಇನ್ನೊಂದು, ಆಸ್ತಿಯೊಡನೆ ಬಂದ ಹೊಣೆ: ಯಾರ ಕೈಯಲ್ಲಿ ಸೊತ್ತು ಇದೆಯೋ ಅವರು ಸಾಕಬೇಕು. ಸುಮಾರು ಒಂಬತ್ತು ನೂರು ವರ್ಷಗಳ ನ್ಯಾಯಚಿಂತನೆ ಈ ಎರಡರ ನಡುವೆ ತೂಗಾಡುತ್ತ ಬಂದಿದೆ.

ಕಲ್ಯಾಣದಲ್ಲಿ ರೂಪುಗೊಂಡ ನ್ಯಾಯ

ಭಾರತದ ಬಹುಭಾಗದಲ್ಲಿ ಕುಟುಂಬದ ಆಸ್ತಿಯ ನ್ಯಾಯಕ್ಕೆ ಆಧಾರವಾದ ಗ್ರಂಥ ರಚಿತವಾದುದು ಕನ್ನಡ ನಾಡಿನಲ್ಲಿ ಎಂಬುದು ಹೆಮ್ಮೆಯ ಸಂಗತಿ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ರಾಜಧಾನಿಯಾಗಿದ್ದ ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ ಎಂಬುದು ಈ ವ್ಯಾಖ್ಯಾನದ ಪ್ರಧಾನ ಸಿದ್ಧಾಂತ. ವೃದ್ಧ ತಂದೆತಾಯಿಗಳ ಪೋಷಣೆಯ ಕರ್ತವ್ಯವೂ ಹುಟ್ಟಿನಿಂದಲೇ ಬರುತ್ತಿತ್ತು. ಹೀಗೆ ಹಕ್ಕು ಮತ್ತು ಹೊಣೆ ಒಂದೇ ಬೇರಿನಿಂದ ಚಿಗುರಿದ ಎರಡು ಕವಲುಗಳಾಗಿದ್ದವು. ಮನೆಯ ಕಣಜ ಒಂದೇ, ಒಲೆ ಒಂದೇ ಆಗಿದ್ದಷ್ಟು ಕಾಲ ಮುದುಕಿಯ ಗಂಜಿಯ ಲೆಕ್ಕವನ್ನು ಪ್ರತ್ಯೇಕವಾಗಿ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಒಲೆ ಎರಡಾದಾಗ ಏನು ಮಾಡಬೇಕೆಂಬುದನ್ನೂ ಸ್ಮೃತಿಕಾರರು ಯೋಚಿಸಿದ್ದರು. ತಂದೆಯ ಮರಣಾನಂತರ ಮಕ್ಕಳು ಪಾಲಾಗುವಾಗ ತಾಯಿಗೂ ಮಗನಷ್ಟೇ ಪಾಲು ಸಲ್ಲಬೇಕೆಂದು ಯಾಜ್ಞವಲ್ಕ್ಯ ವಿಧಿಸಿದ್ದಾನೆ. ಮಕ್ಕಳು ಕೈಬಿಟ್ಟರೂ ತಾಯಿಯ ಕೈಯಲ್ಲಿ ಆಧಾರವೊಂದು ಉಳಿಯಲೆಂಬ ದೂರದೃಷ್ಟಿ ಇದರಲ್ಲಿ ಕಾಣುತ್ತದೆ. ಆದರೆ ದಕ್ಷಿಣ ಭಾರತದಲ್ಲಿ ಈ ಪದ್ಧತಿ ಬಳಕೆ ತಪ್ಪಿತು. ಮದ್ರಾಸ್ ಪ್ರಾಂತದ ನ್ಯಾಯಾಲಯಗಳು ಸ್ತ್ರೀಯರಿಗೆ ಪಾಲು ಕೊಡುವ ಪದ್ಧತಿ ಲುಪ್ತವಾಗಿದೆಯೆಂದು ಭಾವಿಸಿ ತಾಯಿಗೆ ಜೀವನಾಂಶವನ್ನು ಮಾತ್ರ ಮಾನ್ಯ ಮಾಡಿದವು. ಪಾಲುದಾರಳಾಗಿದ್ದವಳು ಬೇಡುವವಳಾದಳು. ಮುಪ್ಪಿನ ವಿವಾದಗಳ ಬೀಜ ಇಲ್ಲಿದೆಯೆಂದರೆ ತಪ್ಪಾಗಲಾರದು.

ಜೈನ ಸಮಾಜದ ಸ್ಥಿತಿ ಈ ವಿಷಯದಲ್ಲಿ ಸ್ವಲ್ಪ ಭಿನ್ನವಾಗಿತ್ತು. ವಿಶೇಷ ರೂಢಿಯನ್ನು ಸಾಬೀತುಪಡಿಸದ ಹೊರತು ಜೈನರಿಗೂ ಹಿಂದೂ ನ್ಯಾಯವೇ ಅನ್ವಯಿಸುತ್ತದೆ ಎಂಬುದು ಬ್ರಿಟಿಷರ ಕಾಲದ ನ್ಯಾಯಾಲಯಗಳ ನಿಲುವು. ಆದರೂ 1878ರಲ್ಲಿ ಅಗರವಾಲ ಜೈನರ ಒಂದು ಪ್ರಕರಣದಲ್ಲಿ, ಗಂಡುಮಕ್ಕಳಿಲ್ಲದ ವಿಧವೆಗೆ ಪತಿಯ ಸ್ವಯಾರ್ಜಿತ ಆಸ್ತಿಯ ಮೇಲೆ ಪೂರ್ಣ ಹಕ್ಕಿದೆಯೆಂಬ ರೂಢಿಯನ್ನು ಪ್ರಿವಿ ಕೌನ್ಸಿಲ್ ಎತ್ತಿಹಿಡಿಯಿತು. ಆಸ್ತಿಯ ಒಡತಿಯಾದ ವೃದ್ಧೆ ಪೋಷಣೆಗಾಗಿ ಯಾರ ಬಾಗಿಲನ್ನೂ ತಟ್ಟಬೇಕಾಗಿಲ್ಲ ಎಂಬ ಸರಳ ಸತ್ಯ ಇದರಿಂದ ವಿದಿತವಾಗುತ್ತದೆ.

ತುಳುನಾಡಿನ ಅಳಿಯಸಂತಾನ

ಆಸ್ತಿಯೊಡನೆ ಹೊಣೆ ಎಂಬ ಮಾನದಂಡದ ಶುದ್ಧ ರೂಪವನ್ನು ಕಾಣಬೇಕಾದರೆ ತುಳುನಾಡಿನತ್ತ ನೋಡಬೇಕು. ಅಲ್ಲಿನ ಬಂಟರಂತೆ ಜೈನರಲ್ಲಿಯೂ ಅನೇಕ ಮನೆತನಗಳು ಅಳಿಯಸಂತಾನ ಕಟ್ಟನ್ನು ಅನುಸರಿಸುತ್ತಿದ್ದವು. ಕುಟುಂಬದ ಎಣಿಕೆ ತಾಯಿಯ ಕಡೆಯಿಂದ. ಗಂಡಸಿನ ಉತ್ತರಾಧಿಕಾರಿಗಳು ಅವನ ಸಹೋದರಿಯ ಮಕ್ಕಳೇ ಹೊರತು ಅವನ ಸ್ವಂತ ಮಕ್ಕಳಲ್ಲ. ಮಕ್ಕಳು ತಮ್ಮ ತಾಯಿಯ ಕುಟುಂಬಕ್ಕೆ ಸೇರಿದವರು. ಆಸ್ತಿಯನ್ನು ಯಜಮಾನ ನೋಡಿಕೊಳ್ಳುತ್ತಿದ್ದನು ಅಥವಾ ಯಜಮಾನ್ತಿ ನೋಡಿಕೊಳ್ಳುತ್ತಿದ್ದಳು. ಪ್ರತಿಯೊಬ್ಬ ಸದಸ್ಯನಿಗೂ ಸದಸ್ಯೆಗೂ ಕುಟುಂಬದ ಸೊತ್ತಿನಿಂದ ಪೋಷಣೆ ಪಡೆಯುವ ಹಕ್ಕಿತ್ತು. ಬಲವಂತದ ವಿಭಾಗಕ್ಕೆ ಅವಕಾಶವಿಲ್ಲವೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ನ್ಯಾಯಾಲಯ ತೀರ್ಮಾನಿಸಿದ ಮೇಲಂತೂ ಪೋಷಣೆಯ ಹಕ್ಕೇ ಸದಸ್ಯರ ಮುಖ್ಯ ಹಕ್ಕಾಗಿ ಉಳಿಯಿತು. ಮುದುಕ ಮಾವನಿಗೆ ಊಟವಿಕ್ಕುವುದು ಯಾರ ಕರುಣೆಯೂ ಆಗಿರಲಿಲ್ಲ. ಅದು ಮನೆಯ ಸೊತ್ತಿನ ಮೇಲಣ ಋಣವಾಗಿತ್ತು.

ಈ ಕಟ್ಟಿನಲ್ಲಿ ಕೊರತೆಗಳಿರಲಿಲ್ಲವೆಂದಲ್ಲ. ತನ್ನ ದುಡಿಮೆಯ ಫಲ ತನ್ನ ಮಕ್ಕಳಿಗೆ ಸಿಗದೆಂಬ ಕೊರಗು ತಂದೆಗಿರುತ್ತಿತ್ತು. ಯಜಮಾನ ಪಕ್ಷಪಾತ ಮಾಡಿದನೆಂಬ ದೂರು ಕಿರಿಯರಿಗಿರುತ್ತಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಕವರುಗಳ ನಡುವೆ ವಿಭಾಗಕ್ಕೆ ದಾರಿ ತೆರೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಆ ಕಟ್ಟು ಕ್ರಮೇಣ ಕರಗಿತು. ಆಸ್ತಿ ವಿಭಾಗವಾಗಿ ಹೊಸ ಕೈಗಳಿಗೆ ಹೋಯಿತು. ಅದರೊಡನೆ ಅಂಟಿಕೊಂಡಿದ್ದ ವೃದ್ಧರ ಪೋಷಣೆ ಯಾವ ಕೈಗೆ ಹೋಯಿತೆಂಬ ಪ್ರಶ್ನೆ ಮಾತ್ರ ಅನೇಕ ಮನೆಗಳಲ್ಲಿ ಉತ್ತರವಿಲ್ಲದೆ ಉಳಿಯಿತು.

ಸಂಬಳದ ಕಾಲ

ಘಟ್ಟದ ಮೇಲೂ ಬೇರೊಂದು ಬಗೆಯಿಂದ ಇದೇ ಬಿರುಕು ಕಾಣಿಸಿಕೊಂಡಿತು. ಇಂಗ್ಲಿಷ್ ವಿದ್ಯೆ, ಸರ್ಕಾರಿ ನೌಕರಿ, ವಕೀಲಿ ವೃತ್ತಿಗಳು ಬಂದಾಗ ಹೊಸ ಬಗೆಯ ಸಂಪತ್ತು ಹುಟ್ಟಿತು. ಕುಟುಂಬದ ಹಣದಿಂದ ಓದಿದವನ ಸಂಬಳ ಕುಟುಂಬದ್ದೋ ಅವನದ್ದೋ ಎಂದು ದಶಕಗಳ ಕಾಲ ವ್ಯಾಜ್ಯಗಳು ನಡೆದವು. 1930ರ ಹಿಂದೂ ವಿದ್ಯಾರ್ಜಿತ ಗಳಿಕೆಗಳ ಕಾಯಿದೆ ಇದಕ್ಕೆ ತೆರೆ ಎಳೆಯಿತು: ವಿದ್ಯೆ ಯಾರ ಖರ್ಚಿನಲ್ಲಿ ಬಂದಿದ್ದರೂ ಅದರಿಂದ ಬಂದ ಗಳಿಕೆ ಗಳಿಸಿದವನದೇ. ವ್ಯಕ್ತಿಸ್ವಾತಂತ್ರ್ಯದ ದೃಷ್ಟಿಯಿಂದ ಇದು ನ್ಯಾಯವಾದುದು. ಆದರೆ ಲೇಖನದ ಮೊದಲಿಗೆ ಬಂದ ಅಣ್ಣನ ದೂರಿಗೆ ಮೂಲ ಇಲ್ಲಿದೆ. ತಮ್ಮನ ಓದಿಗಾಗಿ ತೋಟದ ಮೇಲೆ ಸಾಲ ತಂದಾಗ ಅದು ಇಡೀ ಮನೆಯ ಮುಪ್ಪಿಗೆ ಇಟ್ಟ ಠೇವಣಿ ಎಂದು ಹಿರಿಯರು ನಂಬಿದ್ದರು. ಕಾಯಿದೆ ಅದನ್ನು ಕೊಟ್ಟವರು ಮರಳಿ ಕೇಳಲಾಗದ ಕೊಡುಗೆಯೆಂದು ಪರಿಗಣಿಸಿತು.

ಮೈಸೂರು ಸಂಸ್ಥಾನ ಈ ಹೊತ್ತಿಗೆ ಒಂದು ಶ್ಲಾಘನೀಯ ಹೆಜ್ಜೆ ಇಟ್ಟಿತು. 1933ರ ಹಿಂದೂ ಕಾನೂನು ಸ್ತ್ರೀಯರ ಹಕ್ಕುಗಳ ಕಾಯಿದೆಯ ಮೂಲಕ, ಅವಿಭಕ್ತ ಕುಟುಂಬ ವಿಭಾಗವಾಗುವಾಗ ತಾಯಿ, ಅವಿವಾಹಿತ ಪುತ್ರಿ, ವಿಧವೆ ಮೊದಲಾದವರಿಗೆ ಪಾಲು ಸಲ್ಲುವಂತೆ ಮಾಡಿತು. ಬಳಕೆ ತಪ್ಪಿದ್ದ ಯಾಜ್ಞವಲ್ಕ್ಯನ ವಿಧಿ ಸಂಸ್ಥಾನದ ಕಾಯಿದೆಯಲ್ಲಿ ಒಂದರ್ಥದಲ್ಲಿ ಮರುಹುಟ್ಟು ಪಡೆಯಿತು.

ಇಂಗ್ಲೆಂಡಿನ ಅನುಭವ

ಭಾರತವನ್ನು ಆಳಿದ ಇಂಗ್ಲೆಂಡಿನಲ್ಲಿ ಈ ಸಮಸ್ಯೆ ಹೇಗೆ ಬಗೆಹರಿಯಿತೆಂಬುದು ವಿಚಾರಾರ್ಹ. ಅಲ್ಲಿ ಎಲಿಜಬೆತ್ ರಾಣಿಯ ಕಾಲದ 1601ರ ಬಡವರ ಕಾಯಿದೆ ಪ್ರತಿಯೊಂದು ಪ್ಯಾರಿಷ್, ಅಂದರೆ ಒಂದು ಚರ್ಚಿನ ಸರಹದ್ದಿಗೆ ಸೇರಿದ ಪ್ರದೇಶ, ತನ್ನ ಬಡವರನ್ನು ತೆರಿಗೆಯ ಹಣದಿಂದ ಪೋಷಿಸಬೇಕೆಂದು ವಿಧಿಸಿತು. ಅದರೊಡನೆಯೇ, ಅಶಕ್ತ ವೃದ್ಧರ ಮಕ್ಕಳು ಅನುಕೂಲಸ್ಥರಾಗಿದ್ದರೆ ಅವರೇ ತಮ್ಮ ಖರ್ಚಿನಲ್ಲಿ ಸಾಕಬೇಕು, ತಪ್ಪಿದರೆ ತಿಂಗಳಿಗೆ 20 ಷಿಲಿಂಗ್ ದಂಡ ತೆರಬೇಕು ಎಂದೂ ಹೇಳಿತು. ಎಷ್ಟು ಕೊಡಬೇಕೆಂಬುದನ್ನು ಸ್ಥಳೀಯ ಮ್ಯಾಜಿಸ್ಟ್ರೇಟರು ನಿರ್ಧರಿಸುತ್ತಿದ್ದರು. ಅಲ್ಲಿಯೂ ವ್ಯಾಜ್ಯಗಳು ಬೆಳೆದವು. ಅತ್ತೆಯನ್ನು ಅಳಿಯ ಸಾಕಬೇಕೇ ಎಂಬ ಪ್ರಶ್ನೆಗೆ ಅಲ್ಲಿನ ನ್ಯಾಯಾಲಯ ಹದಿನೆಂಟನೆಯ ಶತಮಾನದಲ್ಲಿಯೇ ‘ಇಲ್ಲ’ ಎಂದಿತು. ಹೊಣೆ ರಕ್ತಸಂಬಂಧಕ್ಕೆ ಮಾತ್ರ.

ಈ ವ್ಯವಸ್ಥೆ ಸುಮಾರು ಮೂರೂವರೆ ಶತಮಾನ ನಡೆಯಿತು. 1908ರ ಕಾಯಿದೆಯಂತೆ 1909ರ ಜನವರಿಯಿಂದ 70 ವರ್ಷ ದಾಟಿದ ಬಡವರಿಗೆ ವಾರಕ್ಕೆ ಗರಿಷ್ಠ 5 ಷಿಲಿಂಗ್ ವೃದ್ಧಾಪ್ಯ ವೇತನ ದೊರೆಯತೊಡಗಿತು. ಕೊನೆಗೆ 1948ರ ರಾಷ್ಟ್ರೀಯ ನೆರವು ಕಾಯಿದೆ ಹಳೆಯ ಬಡವರ ಕಾಯಿದೆಯನ್ನು ಕೊನೆಗಾಣಿಸಿತು. ಪತಿಪತ್ನಿಯರು ಪರಸ್ಪರರನ್ನೂ ತಂದೆತಾಯಿಗಳು ಎಳೆಯ ಮಕ್ಕಳನ್ನೂ ಸಾಕುವ ಹೊಣೆ ಉಳಿಯಿತು. ಬೆಳೆದ ಮಕ್ಕಳು ವೃದ್ಧರನ್ನು ಸಾಕುವ ಕಾನೂನಿನ ಹೊಣೆ ಹೋಯಿತು. ಹಾಗೆಂದು ವಿವಾದ ಮುಗಿಯಲಿಲ್ಲ. ಆರೈಕೆಗೃಹದಲ್ಲಿ ನೆಲೆಸುವ ವೃದ್ಧರ ವೆಚ್ಚವನ್ನು ಲೆಕ್ಕ ಹಾಕುವಾಗ ಅವರ ಸ್ವಂತ ಮನೆಯ ಬೆಲೆಯೂ ಲೆಕ್ಕಕ್ಕೆ ಬರಬಹುದಾದ್ದರಿಂದ, ಮಕ್ಕಳು ನಿರೀಕ್ಷಿಸಿದ್ದ ಮನೆ ಆರೈಕೆಯ ಖರ್ಚಿಗೆ ಕರಗುವುದುಂಟು. ಹುಟ್ಟಿನ ಮಾನದಂಡವನ್ನು ಕೈಬಿಟ್ಟ ದೇಶದಲ್ಲಿ ಆಸ್ತಿಯ ಮಾನದಂಡ ಹಿತ್ತಿಲ ಬಾಗಿಲಿನಿಂದ ಮರಳಿತು.

ಸೋಜಿಗದ ಸಂಗತಿಯೆಂದರೆ, ತಮ್ಮ ದೇಶದಲ್ಲಿ ಮಕ್ಕಳ ಮೇಲೆ ಇಂಥ ಹೊಣೆಯನ್ನು ಹೊರಿಸಿದ್ದ ಬ್ರಿಟಿಷರು ಭಾರತದ ದಂಡಸಂಹಿತೆಗಳಲ್ಲಿ ಅದನ್ನು ಸೇರಿಸಲಿಲ್ಲ. 1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೆಯ ಕಲಮು ಹೆಂಡತಿ ಮತ್ತು ಮಕ್ಕಳಿಗೆ ಮಾತ್ರ ಜೀವನಾಂಶವನ್ನು ಕೊಡಿಸುತ್ತಿತ್ತು. ತಂದೆತಾಯಿಗಳ ಹೆಸರು ಅಲ್ಲಿರಲಿಲ್ಲ. ವೃದ್ಧರು ಸಿವಿಲ್ ನ್ಯಾಯಾಲಯದ ದೀರ್ಘ ದಾರಿಯನ್ನೇ ಹಿಡಿಯಬೇಕಾಗಿತ್ತು.

ಸ್ವತಂತ್ರ ಭಾರತದ ಕಾಯಿದೆಗಳು

1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ ಜೈನರನ್ನೂ ಹೆಸರಿಸಿಯೇ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಅದರ 20ನೆಯ ಕಲಮಿನಂತೆ ವೃದ್ಧ ಅಥವಾ ಅಶಕ್ತ ತಂದೆತಾಯಿಗಳನ್ನು ಪೋಷಿಸುವುದು ಪ್ರತಿಯೊಬ್ಬರ ಬಾಧ್ಯತೆ. ಅವರು ತಮ್ಮ ಸ್ವಂತ ಗಳಿಕೆಯಿಂದಾಗಲಿ ಆಸ್ತಿಯಿಂದಾಗಲಿ ಜೀವನ ಸಾಗಿಸಲಾರದಿದ್ದಾಗ ಈ ಬಾಧ್ಯತೆ ಒದಗುತ್ತದೆ. ಎರಡು ಅಂಶಗಳು ಗಮನಾರ್ಹ. ಮೊದಲನೆಯದಾಗಿ, ಬಾಧ್ಯತೆ ಗಂಡಿಗೂ ಹೆಣ್ಣಿಗೂ ಸಮಾನ. ಎರಡನೆಯದಾಗಿ, ಜೀವನಾಂಶವೆಂದರೆ ಅನ್ನ, ವಸ್ತ್ರ, ವಸತಿಗಳಷ್ಟೇ ಅಲ್ಲ. ವೈದ್ಯಕೀಯ ಶುಶ್ರೂಷೆಯೂ ಅದರಲ್ಲಿ ಸೇರಿದೆ.

1973ರ ಹೊಸ ದಂಡ ಪ್ರಕ್ರಿಯಾ ಸಂಹಿತೆ 1974ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ, ಅದರ 125ನೆಯ ಕಲಮಿನಲ್ಲಿ ತಂದೆತಾಯಿಗಳಿಗೂ ಸ್ಥಾನ ದೊರೆಯಿತು. ಯಾವ ಧರ್ಮದವರೇ ಆಗಲಿ ಮ್ಯಾಜಿಸ್ಟ್ರೇಟರ ಮುಂದೆ ನೇರವಾಗಿ ಹೋಗಬಹುದಾಯಿತು. ಆದರೆ ತಿಂಗಳಿಗೆ 500 ರೂಪಾಯಿಗಳ ಮಿತಿಯನ್ನು ಅದು ಹಾಕಿತ್ತು. ಈ ಮಿತಿ ಹೋದದ್ದು 2001ರ ತಿದ್ದುಪಡಿಯಿಂದ. 2024ರ ಜುಲೈ 1ರಿಂದ ಆ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದ್ದು, ಅದರ 144ನೆಯ ಕಲಮು ಇದೇ ಹಕ್ಕನ್ನು ಉಳಿಸಿಕೊಂಡಿದೆ.

1987ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಒಂದು ಮಹತ್ತ್ವದ ಪ್ರಶ್ನೆ ಬಂದಿತು. ತಂದೆಯೊಬ್ಬರು ಸ್ವಂತ ವೃತ್ತಿಯಿಂದ ಗಳಿಸುತ್ತಿದ್ದ ತಮ್ಮ ವಿವಾಹಿತ ಪುತ್ರಿಯಿಂದ ಜೀವನಾಂಶ ಕೇಳಿದ್ದರು. ಮದುವೆಯಾಗಿ ಬೇರೆ ಮನೆ ಸೇರಿದವಳ ಮೇಲೆ ಈ ಹೊಣೆ ಬರಲಾರದೆಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಮಗಳಿಗೂ ಕರ್ತವ್ಯವಿದೆ, ಆದರೆ ಪತಿಯ ಆದಾಯವನ್ನು ಬಿಟ್ಟು ಅವಳಿಗೆ ತನ್ನದೇ ಆದ ಸಾಕಷ್ಟು ಅನುಕೂಲವಿದೆಯೆಂದು ಖಚಿತವಾಗಬೇಕು ಎಂದು ಅದು ಸ್ಪಷ್ಟಪಡಿಸಿತು.

ಇಲ್ಲಿ ಕಾಲಾನುಕ್ರಮವನ್ನು ಗಮನಿಸಿದರೆ ಲೇಖನದ ಆರಂಭದಲ್ಲಿ ಮಗಳು ಕೇಳಿದ ಪ್ರಶ್ನೆಯ ಬಲ ತಿಳಿಯುತ್ತದೆ. 1956ರಲ್ಲಿಯೇ ಹೊಣೆ ಅವಳ ಹೆಗಲೇರಿತು. ಅದೇ ವರ್ಷ ತಂದೆಯ ಸ್ವಂತ ಆಸ್ತಿಯಲ್ಲಿ ಅವಳು ವಾರಸುದಾರಳಾದದ್ದು ನಿಜ. ಆದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಂತೆ ಹುಟ್ಟಿನಿಂದ ಬರುವ ಹಕ್ಕು ದೊರೆತದ್ದು ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ, ಅದೂ ಆಗ ಅವಿವಾಹಿತೆಯರಾಗಿದ್ದವರಿಗೆ ಮಾತ್ರ. ದೇಶಕ್ಕೆಲ್ಲ ಅದು ಬಂದದ್ದು 2005ರಲ್ಲಿ. ಆ ಹಕ್ಕು ಜನ್ಮಸಿದ್ಧವೆಂದೂ, 2005ರಲ್ಲಿ ತಂದೆ ಜೀವಂತವಾಗಿದ್ದಿರಬೇಕೆಂಬ ನಿಯಮವಿಲ್ಲವೆಂದೂ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದ್ದು 2020ರ ಆಗಸ್ಟ್‌ನಲ್ಲಿ. ಮಿತಾಕ್ಷರಾ ನ್ಯಾಯ ಮಗನಿಗೆ ಹಕ್ಕನ್ನೂ ಹೊಣೆಯನ್ನೂ ಒಟ್ಟಿಗೆ ಕೊಟ್ಟಿತ್ತು. ಮಗಳ ಪಾಲಿಗೆ ಹೊಣೆ ಮೊದಲು ಬಂದಿತು, ಹಕ್ಕು ಅರ್ಧ ಶತಮಾನ ತಡವಾಗಿ ಬಂದಿತು.

2007ರ ಕಾಯಿದೆ

2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆ ಹುಟ್ಟು ಮತ್ತು ಆಸ್ತಿ ಎಂಬ ಎರಡೂ ಮಾನದಂಡಗಳನ್ನು ಒಂದೇ ಸೂರಿನಡಿ ತಂದಿತು. ಮಕ್ಕಳು ಮತ್ತು ಮೊಮ್ಮಕ್ಕಳು ಹುಟ್ಟಿನ ಕಾರಣದಿಂದ ಬಾಧ್ಯರು. 60 ವರ್ಷ ತುಂಬಿದ ಸಂತಾನಹೀನರನ್ನಾದರೆ, ಅವರ ಆಸ್ತಿ ಯಾರ ಸ್ವಾಧೀನದಲ್ಲಿದೆಯೋ ಅಥವಾ ಯಾರಿಗೆ ಮುಂದೆ ಬರಲಿದೆಯೋ ಆ ಬಂಧುಗಳು ಸಾಕಬೇಕು. ಅಂಥವರು ಹಲವರಿದ್ದರೆ ತಾವು ಪಡೆಯುವ ಪಾಲಿನ ಪ್ರಮಾಣಕ್ಕೆ ಅನುಗುಣವಾಗಿ ಕೊಡಬೇಕು. ವಿಚಾರಣೆಗೆ ಉಪವಿಭಾಗ ಮಟ್ಟದ ನ್ಯಾಯಮಂಡಳಿ. ಕರ್ನಾಟಕದಲ್ಲಿ ಉಪವಿಭಾಗಾಧಿಕಾರಿಗಳು ಅದರ ಅಧ್ಯಕ್ಷರು. ನೋಟೀಸು ಕೊಟ್ಟ 90 ದಿನಗಳಲ್ಲಿ ಅರ್ಜಿ ಇತ್ಯರ್ಥವಾಗಬೇಕು. ವಿಶೇಷ ಸಂದರ್ಭದಲ್ಲಿ ಇನ್ನು 30 ದಿನ. ಗರಿಷ್ಠ ಜೀವನಾಂಶ ತಿಂಗಳಿಗೆ 10,000 ರೂಪಾಯಿ ಮೀರುವಂತಿಲ್ಲ.

ಅಣ್ಣತಮ್ಮಂದಿರ ವಿವಾದಕ್ಕೆ ನೇರವಾಗಿ ಸಂಬಂಧಿಸಿದ ವಿಧಿಯೊಂದು 5ನೆಯ ಕಲಮಿನಲ್ಲಿದೆ. ತಾಯಿ ಒಬ್ಬ ಮಗನ ಮೇಲೆ ಮಾತ್ರ ಅರ್ಜಿ ಹಾಕಿದರೂ, ಆ ಮಗನು ಹೊಣೆಗಾರರಾದ ಉಳಿದವರನ್ನೂ ಕಕ್ಷಿದಾರರನ್ನಾಗಿ ಸೇರಿಸಿಕೊಳ್ಳಬಹುದು. ಆಜ್ಞೆ ಹಲವರ ಮೇಲಾಗಿ ಅವರಲ್ಲೊಬ್ಬರು ತೀರಿಕೊಂಡರೆ ಉಳಿದವರ ಹೊಣೆ ತಪ್ಪುವುದಿಲ್ಲ. “ಅವನು ಕೊಟ್ಟರೆ ನಾನೂ ಕೊಡುತ್ತೇನೆ” ಎಂಬ ಮಾತಿಗೆ ಕಾಯಿದೆ ಕೊಟ್ಟ ಉತ್ತರವಿದು.

23ನೆಯ ಕಲಮು ಆಸ್ತಿಯ ವಿಷಯದಲ್ಲಿ ಇನ್ನೂ ಮುಂದೆ ಹೋಗುತ್ತದೆ. ತನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ದಾನಪತ್ರ ಮಾಡಿ, ಪಡೆದವರು ಆ ಷರತ್ತನ್ನು ಪಾಲಿಸದಿದ್ದರೆ, ದಾನವನ್ನು ಅನೂರ್ಜಿತಗೊಳಿಸಬಹುದು. ‘ಷರತ್ತು ಇತ್ತು’ ಎಂಬುದನ್ನು ತೋರಿಸುವುದು ಹೇಗೆ? 2022ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ, ವರ್ಗಾವಣೆ ಅಂಥ ಷರತ್ತಿಗೆ ಒಳಪಟ್ಟಿತ್ತೆಂದು ಸಾಬೀತಾಗಲೇಬೇಕೆಂದಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ, ಮಗನು ಪೋಷಿಸುವೆನೆಂದು ಬರೆದುಕೊಟ್ಟಿದ್ದ ವಚನಪತ್ರವನ್ನು ದಾನಪತ್ರದೊಡನೆ ಓದಿ, ಹಿರಿಯರ ಹಿತಕ್ಕೆ ಅನುಕೂಲವಾಗುವಂತೆ ಕಾಯಿದೆಯನ್ನು ಉದಾರವಾಗಿ ಅರ್ಥೈಸಬೇಕೆಂದು ಹೇಳಿ, ದಾನವನ್ನು ರದ್ದುಗೊಳಿಸಿ ಆಸ್ತಿಯನ್ನು ತಾಯಿಗೆ ಮರಳಿಸಿತು. ಎರಡೂ ತೀರ್ಪುಗಳಿಂದ ಕಲಿಯಬೇಕಾದ ಪಾಠ ಒಂದೇ: ಬಾಯಿಮಾತಿನ ನಂಬಿಕೆ ಮನೆಯೊಳಗೆ ಸಾಕು, ವಿವಾದ ಹೊಸ್ತಿಲು ದಾಟಿದಾಗ ಬರಹವೇ ಬೇಕು.

ಕಾಯಿದೆಯನ್ನು ಬೇರೆಯವರ ನೆಲೆ ಕೀಳಲು ಬಳಸುವ ಅಪಾಯವೂ ಇದೆ. ಬೆಂಗಳೂರಿನ ಒಂದು ಪ್ರಕರಣದಲ್ಲಿ ಅತ್ತೆಮಾವಂದಿರು ಈ ಕಾಯಿದೆಯಡಿ ಸೊಸೆಯನ್ನು ಮನೆಯಿಂದ ತೆರವುಗೊಳಿಸುವ ಆಜ್ಞೆ ಪಡೆದಿದ್ದರು. 2020ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಕೌಟುಂಬಿಕ ದೌರ್ಜನ್ಯದಿಂದ ರಕ್ಷಣೆ ಕೊಡುವ 2005ರ ಕಾಯಿದೆಯು ಪತ್ನಿಗೆ ಕೊಟ್ಟಿರುವ ವಾಸದ ಹಕ್ಕನ್ನು ಹಿರಿಯರ ಕಾಯಿದೆಯ ಹೆಸರಿನಲ್ಲಿ ಅಳಿಸಲಾಗದೆಂದು ಅದು ಹೇಳಿತು.

ಲೆಕ್ಕಕ್ಕೆ ಬಾರದ ಶ್ರಮ

ಇಷ್ಟೆಲ್ಲ ಕಾಯಿದೆಗಳನ್ನು ಅವಲೋಕಿಸಿದ ಮೇಲೆ ಒಂದು ಕೊರತೆ ಎದ್ದು ಕಾಣುತ್ತದೆ. ಹುಟ್ಟಿನ ಮಾನದಂಡವಾಗಲಿ ಆಸ್ತಿಯ ಮಾನದಂಡವಾಗಲಿ ಅಳೆಯುವುದು ಹಣವನ್ನು ಮಾತ್ರ. ದೀರ್ಘಕಾಲದ ಆರೈಕೆಯಲ್ಲಿ ಹಣಕ್ಕಿಂತ ಹೆಚ್ಚಾಗಿ ವ್ಯಯವಾಗುವುದು ಮನುಷ್ಯನ ಆಯುಸ್ಸು. ಸ್ನಾನ ಮಾಡಿಸುವುದು, ತುತ್ತು ತಿನ್ನಿಸುವುದು, ಹುಣ್ಣಾಗದಂತೆ ಮೈ ಒರೆಸುವುದು, ಮರೆವಿನಿಂದ ಮನೆ ಬಿಟ್ಟು ಹೊರಡುವ ವೃದ್ಧರನ್ನು ಕಾಯುವುದು ಇವೆಲ್ಲ ಔಷಧದ ಚೀಟಿಯಲ್ಲಿ ಬರುವುದಿಲ್ಲ. 2024ರ ಅಕ್ಟೋಬರ್‌ನಿಂದ 70 ವರ್ಷ ದಾಟಿದ ಎಲ್ಲರಿಗೂ ಆಯುಷ್ಮಾನ್ ಭಾರತ ಯೋಜನೆ ವಿಸ್ತರಿಸಿರುವುದು ಸ್ವಾಗತಾರ್ಹವೇ. ಆದರೆ ಅದು ಆಸ್ಪತ್ರೆಯ ಚಿಕಿತ್ಸೆಗೆ. ಮನೆಗೆ ಮರಳಿದ ಮೇಲಿನ ವರ್ಷಗಳ ಆರೈಕೆಗಲ್ಲ.

ಈ ಶ್ರಮದ ಬಹುಪಾಲನ್ನು ಹೊರುವ ಸೊಸೆ ಕಾನೂನಿನ ದೃಷ್ಟಿಯಲ್ಲಿ ಹೊಣೆಗಾರಳೂ ಅಲ್ಲ, ಹಕ್ಕುದಾರಳೂ ಅಲ್ಲ. 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡಿತವಾದ ತಿದ್ದುಪಡಿ ಮಸೂದೆ ಸೊಸೆ ಮತ್ತು ಅಳಿಯಂದಿರನ್ನೂ ‘ಮಕ್ಕಳು’ ಎಂಬ ವ್ಯಾಖ್ಯೆಗೆ ಸೇರಿಸಲು, 10,000 ರೂಪಾಯಿಗಳ ಮಿತಿಯನ್ನು ತೆಗೆಯಲು ಉದ್ದೇಶಿಸಿತ್ತು. 2024ರಲ್ಲಿ ಆ ಲೋಕಸಭೆಯ ಅವಧಿ ಮುಗಿಯುವ ಮುನ್ನ ಅದು ಕಾಯಿದೆಯಾಗಲಿಲ್ಲ. ಆಗಿದ್ದರೂ ಸೊಸೆಯ ಮೇಲೆ ಹೊಣೆ ಹೊರಿಸುತ್ತಿತ್ತೇ ಹೊರತು ಅವಳು ಈಗಾಗಲೇ ಸಲ್ಲಿಸಿದ ಸೇವೆಗೆ ಬೆಲೆ ಕಟ್ಟುತ್ತಿರಲಿಲ್ಲ.

ಜೈನ ಪರಂಪರೆ ಈ ವಿಷಯದಲ್ಲಿ ಒಂದು ವಿಶಿಷ್ಟ ದೃಷ್ಟಿಯನ್ನು ಕೊಟ್ಟಿದೆ. ತತ್ತ್ವಾರ್ಥಸೂತ್ರ ಆರು ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ಯವನ್ನೂ ಎಣಿಸಿ, ಅದಕ್ಕೆ ಪಾತ್ರರಾದವರಲ್ಲಿ ಗ್ಲಾನರನ್ನು, ಅಂದರೆ ರೋಗಪೀಡಿತರನ್ನು, ಸೇರಿಸಿದೆ. ಅದು ಮುನಿಸಂಘದ ಸಂದರ್ಭದಲ್ಲಿ ಹೇಳಿದ ಮಾತು. ಆದರೂ ಶ್ರಾವಕರ ಮನೆಗೆ ಅದರ ತಾತ್ಪರ್ಯ ದೂರದ್ದಲ್ಲ. ಕೈಯಾರೆ ಮಾಡುವ ಶುಶ್ರೂಷೆ ಉಪವಾಸದಂಥ ಬಾಹ್ಯ ತಪಸ್ಸಿಗೆ ಸರಿದೊರೆಯಾದ ಸಾಧನೆ ಎಂದು ಅಲ್ಲಿ ಪರಿಗಣಿತವಾಗಿದೆ. ಒಂದು ಮನೆಯಲ್ಲಿ ಒಬ್ಬಳೇ ಆ ತಪಸ್ಸನ್ನು ಆಚರಿಸಿ ಉಳಿದವರು ಅದರ ಶ್ರೇಯಸ್ಸನ್ನು ಹಂಚಿಕೊಳ್ಳುವುದು ಧರ್ಮವಾಗಲಾರದು.

ಕುಟುಂಬಗಳಿಗೂ ಬಸದಿಯ ಆಡಳಿತ ಮಂಡಳಿಗಳಿಗೂ ಈ ಇತಿಹಾಸದಿಂದ ಗ್ರಹಿಸಬಹುದಾದುದು ಇಷ್ಟು. ಹಿರಿಯರು ಸ್ವಸ್ಥರಾಗಿರುವಾಗಲೇ, ಅವರ ಸಮ್ಮುಖದಲ್ಲಿ, ಮಗಳನ್ನೂ ಸೊಸೆಯನ್ನೂ ಕೂರಿಸಿಕೊಂಡು ಮಾತನಾಡುವುದು ಲೇಸು. ಯಾರಿಗೆ ಏನು ಸಂದಿದೆ, ಯಾರು ಏನು ಕೊಡಬಲ್ಲರು, ಯಾರು ಸೇವೆ ಮಾಡುವವರು ಎಂಬ ಮೂರನ್ನೂ ಒಂದೇ ಹಾಳೆಯಲ್ಲಿ ಬರೆಯಬೇಕು. ದೂರವಿರುವವನು ಹೆಚ್ಚು ಹಣ ಕೊಟ್ಟು, ಹತ್ತಿರವಿರುವವರ ಶ್ರಮವನ್ನು ಅವರ ಪಾಲಿನ ಹಣವೆಂದೇ ಎಣಿಸಿದರೆ ಅರ್ಧ ಜಗಳ ಮುಗಿಯುತ್ತದೆ. ದಾನಪತ್ರ ಅಥವಾ ಪಾಲುಪತ್ರ ಮಾಡುವುದಾದರೆ ಪೋಷಣೆಯ ಷರತ್ತನ್ನು ಅದರಲ್ಲಿಯೇ ನಮೂದಿಸುವುದು ಅವಿಶ್ವಾಸದ ಚಿಹ್ನೆಯಲ್ಲ. ಯಾಜ್ಞವಲ್ಕ್ಯ ತಾಯಿಗೆ ಪಾಲು ವಿಧಿಸಿದಾಗ ತೋರಿದ ವಿವೇಕವೇ ಅದು. ಬಸದಿಯ ಮಂಡಳಿಗಳಿಗೂ ಇಲ್ಲಿ ಕೆಲಸವಿದೆ. ನೋಂದಾಯಿತ ಸ್ವಯಂಸೇವಾ ಸಂಸ್ಥೆಗಳು ಹಿರಿಯರ ಒಪ್ಪಿಗೆ ಪಡೆದು ಅವರ ಪರವಾಗಿ ಅರ್ಜಿ ಸಲ್ಲಿಸಬಹುದೆಂದೂ, ಅವುಗಳ ಪ್ರತಿನಿಧಿಗಳು ನ್ಯಾಯಮಂಡಳಿಯ ಸೂಚನೆಯಂತೆ ಸಂಧಾನ ನಡೆಸಬಹುದೆಂದೂ 2007ರ ಕಾಯಿದೆ ಹೇಳುತ್ತದೆ. ಮಸ್ತಕಾಭಿಷೇಕಕ್ಕೆ ಊರನ್ನೆಲ್ಲ ಒಗ್ಗೂಡಿಸಬಲ್ಲ ಹಿರಿಯರು ಒಡೆದ ಒಂದು ಮನೆಯ ನಾಲ್ವರನ್ನು ಒಂದು ಚಾಪೆಯ ಮೇಲೆ ಕೂರಿಸಲಾರರೇ?

ಕಲ್ಯಾಣದ ವ್ಯಾಖ್ಯಾನಕಾರನಿಂದ ಇಂದಿನ ಸರ್ವೋಚ್ಚ ನ್ಯಾಯಾಲಯದವರೆಗೆ ಎಲ್ಲರೂ ಯಾರು ಕೊಡಬೇಕು, ಎಷ್ಟು ಕೊಡಬೇಕು ಎಂಬುದಕ್ಕೆ ಉತ್ತರ ಹುಡುಕಿದರು. ಯಾರು ಹತ್ತಿರ ಕೂರಬೇಕೆಂಬ ಪ್ರಶ್ನೆಯನ್ನು ಮನೆಗೇ ಬಿಟ್ಟರು. ಒಳಕೋಣೆಯ ತಾಯಿ ಕಾಯುತ್ತಿರುವುದು ಆ ಪ್ರಶ್ನೆಯ ಉತ್ತರಕ್ಕಾಗಿ.